ದೂರದಿಂದ ಕಿವಿ, ಮೂಗು, ಗಂಟಲು ನೋಡುವ ರೋಬೋ: ಸಂಪಾದಕರ ಉತ್ತರ

ಮಾನ್ಯರೇ,

ನ್ಯೂಯಾರ್ಕ್‌ನಲ್ಲಿ ಕುಳಿತು ಫ್ರಾನ್ಸಿನ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಬಹುದಾದರೆ, ಬೆಂಗಳೂರಿನ ತಜ್ಞರು ತಾಲ್ಲೂಕು ಆಸ್ಪತ್ರೆಯ ರೋಬೋ ನಡೆಸಿ ಕಿವಿ, ಮೂಗು, ಗಂಟಲನ್ನು ಬರಿದೇ ನೋಡುವುದಕ್ಕೆ ಏನು ಅಡ್ಡಿ ಎಂದು ತಾವು ಕೇಳಿದ್ದೀರಿ.

ತಾವು ನೆನಪಿಸಿರುವ ಶಸ್ತ್ರಚಿಕಿತ್ಸೆ 2001ರ ಸೆಪ್ಟೆಂಬರ್ 7ರಂದು ನಡೆಯಿತು, ಡಾ. ಜಾಕ್ ಮಾರೆಸ್ಕೋ ಸ್ಟ್ರಾಸ್‌ಬರ್ಗ್‌ನ ರೋಗಿಯ ಪಿತ್ತಕೋಶವನ್ನು ತೆಗೆದರು. ಆದರೆ ಆ ರೋಗಿ ಅರಿವಳಿಕೆಯಲ್ಲಿ ಅಲುಗಾಡದೆ ಮಲಗಿದ್ದರು. ಮೂಗಿಗೆ ಎಂಡೋಸ್ಕೋಪ್ (ಒಳಭಾಗವನ್ನು ತೋರಿಸುವ ತೆಳು ನಳಿಕೆ) ಹಾಕಿಸಿಕೊಳ್ಳುವವರಾದರೋ ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಸೀನುತ್ತಾರೆ, ತಟ್ಟನೆ ತಲೆ ತಿರುಗಿಸುತ್ತಾರೆ. ಅಂದಿನ ಸಂಪರ್ಕದಲ್ಲಿದ್ದ ಸುಮಾರು 155 ಮಿಲಿಸೆಕೆಂಡುಗಳ ವಿಳಂಬ ಪಿತ್ತಕೋಶಕ್ಕೆ ನಡೆದೀತು, ಸೀನಿಗೆ ನಡೆಯದು. ಆದ್ದರಿಂದ ಹಿಂದೆ ಸರಿಯುವ ತೀರ್ಮಾನವನ್ನು ದೂರದ ವೈದ್ಯರಿಗೆ ಬಿಡದೆ, ತುದಿಯ ಒತ್ತಡವನ್ನು ಅಳೆಯುತ್ತಿರುವ ಯಂತ್ರವೇ ರೋಗಿಯ ಪಕ್ಕದಲ್ಲಿ ಕೈಗೊಳ್ಳಬೇಕು. ವಿದ್ಯುತ್ ಹೋದಾಗ ತೋಳು ಇದ್ದಲ್ಲೇ ಬಿಗಿದು ನಿಲ್ಲುವುದು ಕಾರ್ಖಾನೆಗೆ ಸರಿ. ಮೂಗಿನೊಳಗೆ ನಳಿಕೆ ಇರುವಾಗ ಅದು ರೋಗಿಯೇ ಕೈಯಿಂದ ತಳ್ಳಿಬಿಡುವಷ್ಟು ಸಡಿಲವಾಗಬೇಕು. (ನಮ್ಮ ವಿದ್ಯುತ್ ಪೂರೈಕೆಯನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ.)

ಕಿವಿಯ ತೊಡಕು ಬೇರೆ. ವಯಸ್ಕರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಆ ದಾರಿ ನೇರವಾಗಿಲ್ಲ; ವೈದ್ಯರು ಒಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಅದನ್ನು ನೇರಮಾಡುತ್ತಾರೆ. ಕಿವಿಯೊಳಗೆ ನೋಡುವ ಉಪಕರಣವಾದ ಒಟೋಸ್ಕೋಪ್ ಹಿಡಿದ ಇನ್ನೊಂದು ಕೈಯ ಕಿರುಬೆರಳನ್ನು ರೋಗಿಯ ಕೆನ್ನೆಗೆ ಊರಿರುತ್ತಾರೆ. ತಲೆ ಅಲುಗಿದರೆ ಕೈಯೂ ಅದರೊಂದಿಗೇ ಅಲುಗುತ್ತದೆ, ತುದಿ ಚುಚ್ಚುವುದಿಲ್ಲ. ನೆಲದ ಮೇಲೆ ನಿಲ್ಲಿಸಿದ ರೋಬೋ ತೋಳಿಗೆ ಆ ಊರುಗೋಲು ಇಲ್ಲ. ಒಳಭಾಗದಲ್ಲಿ ಮೂಳೆಗೆ ಅಂಟಿದ ಚರ್ಮ ಬಹಳ ತೆಳುವಾದ್ದರಿಂದ ತುಸು ತಾಗಿದರೂ ನೋಯುತ್ತದೆ, ಕೆಲವರಿಗೆ ಕೆಮ್ಮು ಕೂಡ ಬರುತ್ತದೆ. ಹಾಗಾಗಿ ಉಪಕರಣವನ್ನು ತಲೆಗೇ ಜೋಡಿಸುವ ವಿನ್ಯಾಸವೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ.

ಕೋವಿಡ್ ಕಾಲದಲ್ಲಿ, 2020ರಲ್ಲಿ, ಡೆನ್ಮಾರ್ಕ್‌ನಲ್ಲಿ ಗಂಟಲಿನಿಂದಲೂ ಸಿಂಗಪುರದಲ್ಲಿ ಮೂಗಿನಿಂದಲೂ ಮಾದರಿ ತೆಗೆಯುವ ರೋಬೋಗಳು ಸಿದ್ಧವಾದವು. ಸಿಂಗಪುರದ ಯಂತ್ರದಲ್ಲಿ ರೋಗಿ ತಲೆ ಹಿಂದಕ್ಕೆ ಸರಿಸಿದರೆ ಪರೀಕ್ಷೆ ನಿಲ್ಲುವ ಏರ್ಪಾಡಿತ್ತು. ಸೋಂಕಿನಿಂದ ವೈದ್ಯರನ್ನು ದೂರವಿಡುವುದೇ ಮುಖ್ಯವಾಗಿದ್ದ ಆ ಹೊತ್ತಿನಲ್ಲಿ ಅವುಗಳ ವೆಚ್ಚಕ್ಕೆ ಅರ್ಥವಿತ್ತು.

ತಾಲ್ಲೂಕು ಆಸ್ಪತ್ರೆಯ ಮಾತು ಹಾಗಲ್ಲ. 2002ರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯತಜ್ಞರೊಂದಿಗೆ ಜೋಡಿಸಿದಾಗ ದಾಟಿ ಹೋದದ್ದು ಚಿತ್ರ, ಇಸಿಜಿ ಮತ್ತು ಮಾತು, ಕೈಗಳು ಅಲ್ಲಿನವರವೇ. ಕಿವಿಯ ಮಟ್ಟಿಗೆ ತರಬೇತಾದ ನರ್ಸ್ ಒಬ್ಬರು ಕ್ಯಾಮೆರಾ ಇರುವ ಒಟೋಸ್ಕೋಪ್ ಹಿಡಿದರೆ ತಜ್ಞರಿಗೆ ಬೇಕಾದ ನೋಟ ಬಹುಪಾಲು ಸಿಗುತ್ತದೆ. ಗುಗ್ಗೆ ಅಡ್ಡವಿದ್ದರೆ ತೆಗೆಯುವವರೂ ಅವರೇ. ಮೂಗಿನ ಮೂಲಕ ಧ್ವನಿಪೆಟ್ಟಿಗೆಯವರೆಗೆ ಬಾಗುವ ನಳಿಕೆಯನ್ನು ಇಳಿಸುವುದು ಮಾತ್ರ ಪಳಗಿದ ಕೈಯ ಕೆಲಸ. ಅದನ್ನು ಮುಂದೂಡುವುದು, ತಿರುಗಿಸುವುದು, ತುದಿ ಬಾಗಿಸುವುದು ಏಕಕಾಲದಲ್ಲಿ ನಡೆಯಬೇಕು. ದೂರನಿಯಂತ್ರಿತ ರೋಬೋಗೆ ಹಣ ಹಾಕುವುದಾದರೆ ಇಲ್ಲಿ ಹಾಕಬೇಕು, ಮತ್ತು ಆಗಲೂ ಪ್ರತಿ ರೋಗಿಯ ನಂತರ ನಳಿಕೆಯನ್ನು ತೊಳೆದು ಸೋಂಕುರಹಿತಗೊಳಿಸುವವರ ಹುದ್ದೆಯನ್ನು ಅದೇ ಅಂದಾಜುಪಟ್ಟಿಯಲ್ಲಿ ಸೇರಿಸಬೇಕು.

– ಸಂಪಾದಕ