ಸಿಕಲ್ ಸೆಲ್ ಪ್ರಾಜೆಕ್ಟಿಗೆ ಚಾನೆಲ್ ಅಗಲ 5 ಮೈಕ್ರಾನ್ ಇರಲಾ, 10 ಇರಲಾ?

ಎಂ.ಎಸ್ಸಿ ಪ್ರಾಜೆಕ್ಟಿಗೆ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ರೋಗಿಗಳ ರಕ್ತವನ್ನು ಸಣ್ಣ ಚಾನೆಲ್ಲಿನಲ್ಲಿ ಹರಿಸಿ, ಕುಡುಗೋಲು ಕಣ ಎಲ್ಲಿ ಸಿಕ್ಕಿಕೊಳ್ಳುತ್ತೆ ನೋಡಬೇಕು, ಅಗಲ ಎಷ್ಟಿರಬೇಕು ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಬೆಂಗಳೂರಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ನಾನು ಎಂಟು ತಿಂಗಳು ಕಳೆದಿದ್ದೇನೆ. 5 ಮೈಕ್ರಾನ್ ಚಾನೆಲ್ ಮಾಡಿದೆ, ಆಮ್ಲಜನಕ ಇಳಿಸಿದೆ, ರಕ್ತ ಕಟ್ಟಿಕೊಂಡಿತು, ವಿಡಿಯೊನೂ ಚೆನ್ನಾಗಿ ಬಂತು. ಆದರೆ ಆ ವಿಡಿಯೊದಲ್ಲಿ ಇದ್ದದ್ದು ಇಕ್ಕಟ್ಟಾದ ಪ್ಲಾಸ್ಟಿಕ್ ಸಂದಿ ಮಾತ್ರ, ಕಾಯಿಲೆ ಇರಲಿಲ್ಲ.

ತಪ್ಪು ಆಗಿದ್ದು ಚಾನೆಲ್ಲಿನಲ್ಲಲ್ಲ, ಅದಕ್ಕೆ ಮುಂಚಿನ ಒಂದು ಗಂಟೆಯ ಕೆಲಸದಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪ್ರೊಟೊಕಾಲ್ ಹಾಳೆ ನೋಡಿಕೊಂಡು ಶ್ರದ್ಧೆಯಿಂದ ಕೆಲಸ ಮಾಡುವವರೇ ಇದರಲ್ಲಿ ಬೀಳೋದು.

ರಕ್ತ ಬರುತ್ತಿದ್ದದ್ದು ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ. ಬಂದ ಕೂಡಲೇ 500 ಜಿ ಬಲದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್, ಮೇಲಿನ ಪ್ಲಾಸ್ಮಾ ತೆಗೆದು ಚೆಲ್ಲೋದು, ಅದರ ಕೆಳಗಿನ ಬಿಳಿ ಪದರ, ಅಂದರೆ ಬಫಿ ಕೋಟ್, ಪಿಪೆಟ್ಟಿನಿಂದ ಎಳೆದು ಬಿಸಾಡೋದು, ಉಳಿದ ಕೆಂಪು ಕಣಗಳನ್ನು ಉಪ್ಪುನೀರಿನ ಬಫರ್ ಆದ ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯೋದು. ಇನ್ನೊಂದು ಕಡೆ, ಕಣಗಳು ಗೋಡೆಗೆ ಅಂಟದಿರಲಿ ಅಂತ ಚಾನೆಲ್ಲಿಗೆ ದನದ ರಕ್ತದ ಪ್ರೊಟೀನ್ ಆದ ಶೇ 1ರ ಬಿಎಸ್‌ಎ ತುಂಬಿಸಿ ಅರ್ಧ ಗಂಟೆ ಬಿಡೋದು.

ಅಂಟದಿರಲಿ ಅಂತ! ಈ ಕಾಯಿಲೆಯ ಮೊದಲ ಹೆಜ್ಜೆಯೇ ಅಂಟುವುದು. ಒಂದೊಂದಾಗಿ ನೋಡಿ. ಕೆಂಪು ಕಣದ ಮೇಲಿರುವ ಅಂಟು ಪ್ರೊಟೀನ್ ವಿಎಲ್ಎ-4ಕ್ಕೂ ನಾಳದ ಗೋಡೆಯ ಅಂಟು ಪ್ರೊಟೀನುಗಳಾದ ಸೆಲೆಕ್ಟಿನ್‌ಗಳಿಗೂ ಹಿಡಿದುಕೊಳ್ಳಲು ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಕು. ಇಡಿಟಿಎ ಅವನ್ನೇ ಕಟ್ಟಿಹಾಕುತ್ತೆ. ಬಫಿ ಕೋಟ್ ಜೊತೆ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಹೋದವು. ನಾಳದ ಗೋಡೆ ಹಿಡಿದು ಕೂತು, ಹಾದುಹೋಗುವ ಕೆಂಪು ಕಣಗಳನ್ನು ತಡೆದು ನಿಲ್ಲಿಸುವುದು ಇವೇ. ನನಗೆ ತುಂಬ ತಡವಾಗಿ ಹೊಳೆದದ್ದು ಇನ್ನೊಂದು. ರೆಟಿಕ್ಯುಲೋಸೈಟ್‌ಗಳು, ಅಂದರೆ ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕೆಂಪು ಕಣಗಳು, ಬೇರೆಯವಕ್ಕಿಂತ ಹಗುರ. ಟ್ಯೂಬಿನಲ್ಲಿ ಅವು ಕೂರೋದು ಬಫಿ ಕೋಟಿನ ಸರಿ ಕೆಳಗೆ. ಬಿಳಿ ಪದರ ಪೂರ್ತಿ ಹೋಗಲಿ ಅಂತ ಪಿಪೆಟ್ ತುದಿಯನ್ನು ಎರಡು ಮಿಲಿಮೀಟರ್ ಜಾಸ್ತಿ ಇಳಿಸಿದ ಪ್ರತಿ ಸಲವೂ, ಗೋಡೆಗೆ ಅತಿ ಹೆಚ್ಚು ಅಂಟುವ ಕಣಗಳನ್ನೇ ಎಳೆದು ಚೆಲ್ಲಿದ್ದೇನೆ. ಆರೋಗ್ಯವಂತರಲ್ಲಿ ಇವು ಶೇ 1ರ ಆಸುಪಾಸು. ಈ ರೋಗಿಗಳಲ್ಲಿ ಶೇ 10 ದಾಟುವುದು ಅಪರೂಪವಲ್ಲ, ಯಾಕೆಂದರೆ 120 ದಿನ ಬಾಳಬೇಕಾದ ಕಣ ಇವರಲ್ಲಿ 10ರಿಂದ 20 ದಿನದಲ್ಲೇ ಒಡೆಯುತ್ತೆ, ಮಜ್ಜೆ ಎಳೆಯ ಕಣಗಳನ್ನು ಅವಸರದಲ್ಲಿ ಹೊರದೂಡುತ್ತಲೇ ಇರುತ್ತೆ. ಆ ರಕ್ತ ಕೊಟ್ಟವರಲ್ಲಿ ಮಕ್ಕಳೂ ಇದ್ದರು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈಗ ನಿಮ್ಮ ಪ್ರಶ್ನೆಯ ಒಳಗಿರುವ ನಂಬಿಕೆಗೆ ಬರೋಣ: ಕಣ ಬಾಗುತ್ತೆ, ಕಿರಿದಾದ ಕಡೆ ಸಿಕ್ಕಿಕೊಳ್ಳುತ್ತೆ. ಕ್ಯಾಪಿಲರಿ, ಅಂದರೆ ಅತಿ ಸಣ್ಣ ರಕ್ತನಾಳ, ದಾಟಲು ಕಣಕ್ಕೆ ಒಂದೆರಡು ಸೆಕೆಂಡ್ ಸಾಕು. ಆಮ್ಲಜನಕ ಬಿಟ್ಟುಕೊಟ್ಟ ತಕ್ಷಣ ಹಿಮೋಗ್ಲೋಬಿನ್ ಎಸ್, ಅಂದರೆ ಈ ಕಾಯಿಲೆಯವರ ಬದಲಾದ ಹಿಮೋಗ್ಲೋಬಿನ್, ಎಳೆ ಕಟ್ಟಿ ಕಣವನ್ನು ಬಾಗಿಸುವುದಿಲ್ಲ, ಸ್ವಲ್ಪ ಹೊತ್ತು ತಗೊಳ್ಳುತ್ತೆ. ಹೆಚ್ಚಿನ ಕಣಗಳು ಅಷ್ಟರೊಳಗೆ ಕ್ಯಾಪಿಲರಿ ದಾಟಿ ಶ್ವಾಸಕೋಶದ ದಾರಿ ಹಿಡಿದಿರುತ್ತವೆ. ಕೆಲವು ಮಾತ್ರ ಕ್ಯಾಪಿಲರಿ ಆದಮೇಲಿನ ಸಣ್ಣ ಸಿರೆಗಳ ಗೋಡೆಗೆ ಅಂಟುತ್ತವೆ. ಅಂಟಿದ್ದರಿಂದ ಹಿಂದಿನವು ನಿಧಾನವಾಗುತ್ತವೆ, ನಿಧಾನವಾದದ್ದರಿಂದ ಎಳೆ ಕಟ್ಟಲು ಸಮಯ ಸಿಗುತ್ತೆ, ಆಗ ಗಟ್ಟಿಯಾದ ಕಣಗಳು ಬಂದು ಬೆಣೆಯಂತೆ ಕೂರುತ್ತವೆ. ಅಂಟುವುದು ಮೊದಲು, ಬಾಗಿದ ಕಣ ಸಿಕ್ಕಿಕೊಳ್ಳುವುದು ಆಮೇಲೆ. ಕಣ ಎಷ್ಟು ಅಂಟುತ್ತೋ ಕಾಯಿಲೆ ಅಷ್ಟು ತೀವ್ರ ಅನ್ನುವ ಸಂಬಂಧವನ್ನು ರಾಬರ್ಟ್ ಹೆಬ್ಬೆಲ್ 1980ರಲ್ಲೇ ತೋರಿಸಿದ್ದಾರೆ. 1989ರಲ್ಲಿ ಕೌಲ್, ಫ್ಯಾಬ್ರಿ, ನೇಗಲ್ ಇಲಿಯ ನಾಳಗಳಲ್ಲಿ ಮಾನವ ಕಣ ಹರಿಸಿ ಅಂಟುವ ಜಾಗ ಸಿರೆಯ ಕಡೆ ಎಂದು ಕಂಡರು.

ಗೋಡೆ ಸುಮ್ಮನೆ ಅಂಟಿಸಿಕೊಳ್ಳಲ್ಲ, ಅದು ಮೊದಲೇ ಕೆರಳಿರುತ್ತೆ. ಒಡೆದ ಕಣದಿಂದ ಹೊರಬಂದ ಹಿಮೋಗ್ಲೋಬಿನ್, ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ನುಂಗುತ್ತೆ. ಅದೇ ಕಣದಿಂದ ಬಂದ ಆರ್ಜಿನೇಸ್ ಅನ್ನುವ ಕಿಣ್ವ, ನೈಟ್ರಿಕ್ ಆಕ್ಸೈಡಿನ ಕಚ್ಚಾವಸ್ತುವಾದ ಆರ್ಜಿನಿನ್ನನ್ನೂ ಕಡಿದುಹಾಕುತ್ತೆ. ಬಿಡಿಯಾದ ಹೀಮ್ ಒಳಪದರದ ಕೋಶಗಳನ್ನು ಎಬ್ಬಿಸಿ ಪಿ-ಸೆಲೆಕ್ಟಿನ್ ಹೊರಹಾಕಿಸುತ್ತೆ. ನಾಳ ಬಿಗಿಯುತ್ತೆ, ಅಂಟಾಗುತ್ತೆ, ವರ್ಷಗಟ್ಟಲೆ ಹೀಗೇ ಆದರೆ ದಪ್ಪವಾಗುತ್ತೆ.

ಇಷ್ಟಾದರೂ ನಂಬಿಕೆ ಬರದಿದ್ದರೆ ಪಾರ್ಶ್ವವಾಯು ಆದ ಮಕ್ಕಳನ್ನು ನೆನೆಯಿರಿ. ಅವರಲ್ಲಿ ಕೆಟ್ಟಿರೋದು ಮಿದುಳಿಗೆ ಹೋಗುವ ದೊಡ್ಡ ಅಪಧಮನಿ, ಕೆಲವು ಮಿಲಿಮೀಟರ್ ಅಗಲದ್ದು. 8 ಮೈಕ್ರಾನ್ ಕಣ ಅಲ್ಲಿ ಸಿಕ್ಕಿಕೊಳ್ಳಲು ಸಾಧ್ಯವೇ ಇಲ್ಲ. ಅಲ್ಲಿ ಬೆಳೆದು ದಾರಿ ಮುಚ್ಚಿರೋದು ಗೋಡೆಯ ಒಳಪದರ. ಕಿರಿದಾದ ಕಡೆ ರಕ್ತ ಜೋರಾಗಿ ಓಡುತ್ತೆ, ಅದಕ್ಕೇ ರಕ್ತದ ವೇಗ ಅಳೆಯುವ ಡಾಪ್ಲರ್ ಸ್ಕ್ಯಾನಿನಲ್ಲಿ ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಹೆಚ್ಚು ಬಂದರೆ ಅಪಾಯ ಅಂತ ಲೆಕ್ಕ. ಅಂಥ ಮಕ್ಕಳಿಗೆ ತಪ್ಪದೆ ರಕ್ತ ಕೊಟ್ಟು ಹಿಮೋಗ್ಲೋಬಿನ್ ಎಸ್ ಶೇ 30ರೊಳಗೆ ಇಟ್ಟರೆ ಪಾರ್ಶ್ವವಾಯು ತೀರಾ ಕಡಿಮೆಯಾಗುತ್ತೆ ಎಂದು 1998ರಲ್ಲಿ ಪ್ರಕಟವಾದ ಸ್ಟಾಪ್ ಅಧ್ಯಯನದಿಂದ ಗೊತ್ತಾಯಿತು.

ಹಾಗಾದರೆ ಏನು ಮಾಡೋದು? ಕಿರಿದು ಬಿಡಿ, 400 ಮೈಕ್ರಾನ್ ಅಗಲ, 100 ಎತ್ತರದ ಚಾನೆಲ್ ಮಾಡಿ. ಪಿಡಿಎಂಎಸ್ (ಚಾನೆಲ್ ಎರಕ ಹೊಯ್ಯುವ ಸಿಲಿಕೋನ್ ರಬ್ಬರ್) ಹತ್ತಕ್ಕೆ ಒಂದು ಕ್ಯೂರಿಂಗ್ ಏಜೆಂಟ್, ಗುಳ್ಳೆ ಪೂರ್ತಿ ಹೋಗುವವರೆಗೆ ವ್ಯಾಕ್ಯೂಮ್, 70 ಡಿಗ್ರಿಯಲ್ಲಿ ಎರಡು ಗಂಟೆ. ಇದು ನಿಮಗೆ ಗೊತ್ತೇ ಇರುತ್ತೆ. ಹರಿವಿನ ಲೆಕ್ಕ ಮಾತ್ರ ಸರಿ ಹಾಕಿ: ಶಿಯರ್ ಸ್ಟ್ರೆಸ್ (ಹರಿವು ಗೋಡೆಯನ್ನು ಉಜ್ಜುವ ಬಲ) ಅಂದರೆ 6 × ಸ್ನಿಗ್ಧತೆ × ಹರಿವು, ಅದನ್ನು ಅಗಲ × ಎತ್ತರದ ವರ್ಗದಿಂದ ಭಾಗಿಸಬೇಕು. ಸಣ್ಣ ಸಿರೆಗೆ ಚದರ ಸೆಂಟಿಮೀಟರಿಗೆ 1 ಡೈನ್ ಇಟ್ಟುಕೊಳ್ಳಿ. ರಕ್ತವನ್ನು ಹತ್ತು ಪಟ್ಟು ತೆಳು ಮಾಡಿದ್ದರೆ ಸ್ನಿಗ್ಧತೆ 1 ಸೆಂಟಿಪಾಯ್ಸ್ ಅಂತ ಹಿಡಿದರೆ ನಡೆಯುತ್ತೆ, ಆಗ ಪಂಪ್ ನಿಮಿಷಕ್ಕೆ 4 ಮೈಕ್ರೊಲೀಟರ್. ಪೂರ್ತಿ ರಕ್ತವಾದರೆ ಸ್ನಿಗ್ಧತೆ ಮೂರ್ನಾಲ್ಕು ಪಟ್ಟು, ಹರಿವನ್ನು ಅಷ್ಟೇ ಇಳಿಸಬೇಕು.

ನಿಮ್ಮ ಕೈಲಿರುವ ಸಮಯ ಆರು ತಿಂಗಳಿಗಿಂತ ಕಡಿಮೆ ಇದ್ದರೆ ನಾಳದ ಕೋಶ ಬೆಳೆಸಲು ಹೋಗಬೇಡಿ. ಒಂದು ಗಾಳಿಗುಳ್ಳೆ ಹೊಕ್ಕರೆ ಇಡೀ ಪದರ ಕಿತ್ತುಬರುತ್ತೆ, ವಾರದ ಕೆಲಸ ಹೋಗುತ್ತೆ. ಚಾನೆಲ್ಲಿಗೆ ನಾಳದ ಗೋಡೆಯ ಪ್ರೊಟೀನುಗಳಾದ ವಿಕ್ಯಾಮ್-1 ಅಥವಾ ಲ್ಯಾಮಿನಿನ್ ಮಿಲಿಗೆ 10 ಮೈಕ್ರೊಗ್ರಾಂ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಎಳೆಯ ಕಣ ವಿಕ್ಯಾಮ್ ಹಿಡಿಯುತ್ತೆ, ಬಲಿತವು ಲ್ಯಾಮಿನಿನ್ನನ್ನೂ ಹಿಡಿಯುತ್ತವೆ. ಬಿಎಸ್‌ಎ ಹಾಕೋದು ಇದಾದ ಮೇಲೆ, ಖಾಲಿ ಉಳಿದ ಜಾಗ ಮುಚ್ಚಲು ಮಾತ್ರ. ಹತ್ತು ನಿಮಿಷ ರಕ್ತ, ಹತ್ತು ನಿಮಿಷ ಬರೀ ಬಫರ್, ಉಳಿದುಕೊಂಡ ಕಣಗಳನ್ನು ಚದರ ಮಿಲಿಮೀಟರಿಗೆ ಎಷ್ಟು ಅಂತ ಎಣಿಸಿ.

ರಕ್ತವನ್ನು ಹಿರುಡಿನ್ (ಇದೂ ಹೆಪ್ಪುಗಟ್ಟದಂತೆ ತಡೆಯುತ್ತೆ) ಟ್ಯೂಬಿನಲ್ಲಿ ತಗೊಳ್ಳಿ, ಕ್ಯಾಲ್ಸಿಯಂ ಹಾಗೇ ಉಳಿಯುತ್ತೆ. ಹೆಪರಿನ್ ಬೇಡ, ಅದು ತಾನೇ ಪಿ-ಸೆಲೆಕ್ಟಿನ್ನನ್ನು ತಡೆಯುತ್ತೆ. ತೊಳೆಯಬೇಡಿ, ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಬಫರಿನಲ್ಲಿ ನೇರ ತೆಳು ಮಾಡಿ. ತೆಳ್ಳನೆ ಸೂಜಿಯಿಂದ ಎಳೆದರೆ ಕಣ ಒಡೆಯುತ್ತೆ, 21 ಗೇಜ್ ಒಳ್ಳೆಯದು. ಆಸ್ಪತ್ರೆಯಿಂದ ಲ್ಯಾಬಿಗೆ ಗಾಡಿ ಡಿಕ್ಕಿಯಲ್ಲಿ ಹಾಕಿಕೊಂಡು ಹೊಂಡ-ಗುಂಡಿ ಹಾರಿಸಿ ತಂದ ಟ್ಯೂಬನ್ನು ಹಾಗೇ ನಂಬಬೇಡಿ. ಒಂದು ಚೂರು ಸ್ಪಿನ್ ಮಾಡಿ ಪ್ಲಾಸ್ಮಾ ಬಣ್ಣ ನೋಡಿ. ಹಳದಿ ಇದ್ದರೆ ಸರಿ, ಈ ರೋಗಿಗಳಿಗೆ ಅದು ಸಹಜ. ಕೆಂಪಗಿದ್ದರೆ ಅದನ್ನು ಬರೆದುಕೊಳ್ಳಿ.

ಇನ್ನು ಆಮ್ಲಜನಕ. ಪುಸ್ತಕದಲ್ಲಿ ಶೇ 5 ಅಂತ ಇರುತ್ತೆ, ಅದು ಸಮುದ್ರಮಟ್ಟದಲ್ಲಿ 38 ಮಿ.ಮೀ. ಪಾದರಸಕ್ಕೆ ಸಮ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ 680ರ ಆಸುಪಾಸು. ಅದೇ ಶೇ 5 ಇಲ್ಲಿ 34 ಮಾತ್ರ. ಪಿಡಿಎಂಎಸ್ ಮೂಲಕ ಗಾಳಿ ಬೇರೆ ನುಸುಳುತ್ತೆ. ಸಿಲಿಂಡರಿನ ಚೀಟಿ ನಂಬದೆ ಚಾನೆಲ್ ಪಕ್ಕ ಸೆನ್ಸರ್ ಇಟ್ಟು ಅಳೆಯಿರಿ.

ಪ್ರತಿ ಸ್ಯಾಂಪಲ್ ಜೊತೆ ಎಚ್‌ಪಿಎಲ್‌ಸಿ ರಿಪೋರ್ಟ್ (ಯಾವ ಹಿಮೋಗ್ಲೋಬಿನ್ ಎಷ್ಟಿದೆ ಅನ್ನುವ ಪರೀಕ್ಷೆ) ಕೇಳಿ, ನಮ್ಮ ಕಡೆಯ ರೋಗಿಗಳಲ್ಲಿ ಹಿಮೋಗ್ಲೋಬಿನ್ ಎಫ್, ಅಂದರೆ ಎಳೆ ಕಟ್ಟುವುದನ್ನು ತಡೆಯುವ ಭ್ರೂಣದ ಹಿಮೋಗ್ಲೋಬಿನ್, ಹೆಚ್ಚಿರೋದು ಸಾಮಾನ್ಯ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ತಗೊಳ್ಳುತ್ತಿದ್ದಾರಾ, ಕೊನೆಯ ಸಲ ರಕ್ತ ಹಾಕಿಸಿಕೊಂಡಿದ್ದು ಯಾವಾಗ, ಕೇಳಿ. ಆ ಮಾತ್ರೆ ನ್ಯೂಟ್ರೊಫಿಲ್ಲನ್ನೂ ಅಂಟುವಿಕೆಯನ್ನೂ ಇಳಿಸುತ್ತೆ. ನಾಲ್ಕು ತಿಂಗಳೊಳಗೆ ರಕ್ತ ಹಾಕಿಸಿದ್ದರೆ ನೀವು ಎಣಿಸುವುದರಲ್ಲಿ ದಾನಿಯ ಕಣಗಳೂ ಸೇರಿರುತ್ತವೆ.

ಮೊದಲ ಐದು ರನ್ ನಿಮ್ಮದೇ ಲ್ಯಾಬಿನವರ ಸಾಮಾನ್ಯ ರಕ್ತದಲ್ಲಿ ಮಾಡಿ. ಎಣಿಕೆ ಐದೂ ಸಲ ಹತ್ತಿರ ಹತ್ತಿರ ಬಂದಮೇಲೆಯೇ ರೋಗಿಯ ರಕ್ತಕ್ಕೆ ಆಸ್ಪತ್ರೆಗೆ ಫೋನ್ ಮಾಡಿ.