ಶೇಕಡಾ 70 ಬಿಡಿ, ಏಳನೇ ಪುಟ ಬರೆಯಿರಿ

ಮಾನ್ಯ ಲೇಖಕಿಯವರಿಗೆ,

ನಮಸ್ಕಾರ. ಜಿಲ್ಲಾ ಆಸ್ಪತ್ರೆಯ ಶುಶ್ರೂಷಾಧಿಕಾರಿಗಳ ದಣಿವು, ಅದರಿಂದ ರೋಗಿಗಳಿಗೆ ಆಗುವ ತೊಂದರೆ ಕುರಿತ ನಿಮ್ಮ ಲೇಖನವನ್ನು ಪೂರ್ತಿ ಓದಿದೆವು. ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳುವುದಾದರೆ, ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ಏಳನೇ ಪುಟದಲ್ಲಿ, ಡ್ಯೂಟಿ ಬದಲಾಗುವ ಹೊತ್ತಿನ ಬಗ್ಗೆ ನೀವು ಒಂದೇ ಪ್ಯಾರಾದಲ್ಲಿ ಮುಗಿಸಿದ ಸಂಗತಿಯನ್ನು ಬಿಟ್ಟುಕೊಡುವ ಮನಸ್ಸೂ ನಮಗಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ಶೀರ್ಷಿಕೆಯಲ್ಲೇ ಮೆರೆಯುತ್ತಿರುವ ‘ಶೇ. 70’. ನೀವು 140 ಮಂದಿಗೆ ಪ್ರಶ್ನಾವಳಿ ಹಂಚಿದಿರಿ, 60 ವಾಪಸ್ ಬಂದವು, ಅವುಗಳಲ್ಲಿ 42 ‘ತೀವ್ರ ದಣಿವು’ ಎಂಬ ಗುಂಪಿಗೆ ಸೇರಿದವು. ಉತ್ತರಿಸದ 80 ಮಂದಿಯ ಸುದ್ದಿಯೇ ಲೇಖನದಲ್ಲಿಲ್ಲ. ಅವರಲ್ಲಿ ಒಬ್ಬರಿಗೂ ದಣಿವಿಲ್ಲ ಎಂದುಕೊಂಡರೆ 140ಕ್ಕೆ 42, ಅಂದರೆ ಶೇ. 30. ಎಂಬತ್ತೂ ಮಂದಿ ದಣಿದವರೇ ಎಂದುಕೊಂಡರೆ 122, ಅಂದರೆ ಶೇ. 87. ನಿಮ್ಮ ಆಸ್ಪತ್ರೆಯ ನಿಜ ಈ ಎರಡರ ನಡುವೆ ಎಲ್ಲೋ ಇದೆ. ಎಲ್ಲಿ ಎಂದು ಹೇಳಲು ನಿಮ್ಮ ಬಳಿ ಇರುವ ಮಾಹಿತಿ ಸಾಲದು. ತೀರಾ ಸುಸ್ತಾದವರಿಗೆ ಫಾರಂ ತುಂಬಲೂ ಪುರುಸೊತ್ತು ಇರಲಿಕ್ಕಿಲ್ಲ. ಹೇಳಿಕೊಳ್ಳಲು ದೂರು ಇದ್ದವರೇ ಮುತುವರ್ಜಿಯಿಂದ ತುಂಬಿಕೊಟ್ಟಿರಲೂಬಹುದು. ಕೆಲಸ ಬಿಟ್ಟು ಹೋದವರು, ದೀರ್ಘ ರಜೆಯಲ್ಲಿರುವವರು ಆ 140ರಲ್ಲೂ ಇಲ್ಲ. ಎಲ್ಲರಿಗಿಂತ ಹೆಚ್ಚು ಬಳಲಿದವರು ಬಹುಶಃ ಅವರೇ.

ಫಾರಂ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಮೂರನೇ ಪುಟದಲ್ಲೇ ಇದೆ. ವಾರ್ಡಿನ ಹೆಡ್ ನರ್ಸ್ ಮೂಲಕ ಹಂಚಿಸಿ, ಅವರ ಕೈಯಿಂದಲೇ ಸಂಗ್ರಹಿಸಿದ್ದೀರಿ. ಡ್ಯೂಟಿ ಪಟ್ಟಿ ಹಾಕುವವರ ಕೈಗೆ ‘ನನಗೆ ಈ ಕೆಲಸ ಸಾಕಾಗಿದೆ’ ಎಂದು ಯಾರು ಬರೆದುಕೊಟ್ಟಾರು? ಮುಂದಿನ ಸಲ ಅಂಟಿಸಿದ ಲಕೋಟೆ ಕೊಡಿ, ಬೀಗ ಹಾಕಿದ ಡಬ್ಬಿಯನ್ನು ಊಟದ ಕೋಣೆಯಲ್ಲಿಡಿ, ಕೀಲಿ ಆಡಳಿತದವರ ಬಳಿ ಇರಕೂಡದು. ಎರಡು ವಾರ ಬಿಟ್ಟು ಎಲ್ಲರಿಗೂ ಇನ್ನೊಮ್ಮೆ ನೆನಪಿಸಿ. ಮೊದಲ ವಾರ ನೈಟ್ ಡ್ಯೂಟಿಯಲ್ಲಿದ್ದವರು ಅಷ್ಟರಲ್ಲಿ ಹಗಲಿಗೆ ಬಂದಿರುತ್ತಾರೆ.

ಅಳತೆಗೋಲಿನ ಬಳಕೆಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಕೆಲಸದಿಂದ ಬರುವ ತೀವ್ರ ಬಳಲಿಕೆಯನ್ನು ಅಳೆಯಲು 1981ರಲ್ಲಿ ಪ್ರಕಟಿಸಿದ ಬರ್ನ್‌ಔಟ್ ಮಾಪನದ 22 ಪ್ರಶ್ನೆಗಳನ್ನು ಬಳಸಿದ್ದೀರಿ. ಅವುಗಳಲ್ಲಿ 9 ಭಾವನಾತ್ಮಕ ಬಳಲಿಕೆಯವು, 5 ರೋಗಿಯನ್ನು ವಸ್ತುವಿನಂತೆ ಕಾಣುವ ನಿರ್ಭಾವದವು, 8 ಕೆಲಸದಲ್ಲಿ ಏನೋ ಸಾಧಿಸಿದೆ ಎಂಬ ತೃಪ್ತಿಯವು. ಮೂರಕ್ಕೂ ಬೇರೆ ಬೇರೆ ಅಂಕ ಕೊಡಬೇಕು. ಮೊದಲೆರಡರಲ್ಲಿ ಅಂಕ ಏರಿದರೆ ಕೆಟ್ಟದ್ದು, ಮೂರನೆಯದರಲ್ಲಿ ಏರಿದರೆ ಒಳ್ಳೆಯದು. ನೀವು ಮೂರನ್ನೂ ಕೂಡಿಸಿ ಒಂದೇ ಮೊತ್ತ ಮಾಡಿದ್ದೀರಿ. ಪರಿಣಾಮ ನೋಡಿ: ಬಳಲಿಕೆ 10, ನಿರ್ಭಾವ 2, ತೃಪ್ತಿ 46 ಇರುವ ಶುಶ್ರೂಷಕಿಗೆ ಮೊತ್ತ 58. ಬಳಲಿಕೆ 40, ನಿರ್ಭಾವ 12, ತೃಪ್ತಿ 6 ಇರುವವರಿಗೂ 58. ಒಬ್ಬರು ಖುಷಿಯಿಂದ ಕೆಲಸ ಮಾಡುತ್ತಿದ್ದಾರೆ, ಇನ್ನೊಬ್ಬರು ನಾಳೆ ರಾಜೀನಾಮೆ ಕೊಟ್ಟರೂ ಆಶ್ಚರ್ಯವಿಲ್ಲ. ನಿಮ್ಮ ಕೋಷ್ಟಕದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಹಾಗಾಗಿ ಆ 42 ಎಂಬ ಎಣಿಕೆಯೂ ನಿಲ್ಲುವುದಿಲ್ಲ. ಜೊತೆಗೆ ಆ ಮಾಪನಕ್ಕೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಯಾರದೋ ಪ್ರಬಂಧದ ಅನುಬಂಧದಿಂದ ಜೆರಾಕ್ಸ್ ತೆಗೆದದ್ದು ನಡೆಯುವುದಿಲ್ಲ. 19 ಪ್ರಶ್ನೆಗಳ ಕೋಪನ್‌ಹೇಗನ್ ಮಾಪನ ಉಚಿತವಾಗಿ ಸಿಗುತ್ತದೆ, ವೈಯಕ್ತಿಕ ದಣಿವು, ಕೆಲಸದ ದಣಿವು, ರೋಗಿಗಳೊಡನೆ ಒಡನಾಟದ ದಣಿವು ಎಂದು ಬಿಡಿಸಿಯೂ ಕೊಡುತ್ತದೆ.

‘ಬರ್ನ್‌ಔಟ್ ಒಂದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ’ ಎಂಬ ಸಾಲು ತಪ್ಪು. 2019ರಲ್ಲಿ ಸಂಸ್ಥೆ ಹೇಳಿದ್ದು, ಅದು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ, ಕಾಯಿಲೆಯಲ್ಲ ಎಂದೇ.

ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಅನುಮತಿ ‘ಪಡೆಯಲಾಗುತ್ತಿದೆ’ ಎಂದು ಬರೆದಿದ್ದೀರಿ. ಮಾಹಿತಿ ಸಂಗ್ರಹಿಸಿದ ಮೇಲೆ ಪಡೆಯುವ ಅನುಮತಿಗೆ ಬೆಲೆಯಿಲ್ಲ. ಮೇಲಧಿಕಾರಿಗಳ ಕೈಕೆಳಗೆ ಇರುವ ನೌಕರರಿಗೆ ವಿಶೇಷ ರಕ್ಷಣೆ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಅಧ್ಯಯನದಲ್ಲಿ ಭಾಗವಹಿಸಿದ ಪ್ರತಿಯೊಬ್ಬರೂ ಅಂಥವರೇ. ಡಯಾಲಿಸಿಸ್ ವಿಭಾಗದ ‘ಏಕೈಕ ಪುರುಷ ಶುಶ್ರೂಷಾಧಿಕಾರಿ’ಯ ಮಾತನ್ನು ಹೆಸರಿಲ್ಲದೆ ಉದ್ಧರಿಸಿದ್ದೀರಿ, ಸರಿ. ಆದರೆ ಅವರು ಯಾರೆಂದು ಆಸ್ಪತ್ರೆಯ ಕ್ಯಾಂಟೀನಿನವರಿಗೂ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಪ್ರತ್ಯೇಕವಾಗಿ ತೋರಿಸಲೇಬೇಡಿ, ಪಕ್ಕದ ಗುಂಪಿಗೆ ಸೇರಿಸಿ. ಇನ್ನೊಂದು: ಖಿನ್ನತೆ ಅಳೆಯಲು ನೀವು ಸೇರಿಸಿರುವ ಪಿಎಚ್‌ಕ್ಯು-9ರ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಹೆಸರಿಲ್ಲದ ಫಾರಂನಲ್ಲಿ ಯಾರಾದರೂ ‘ಹೌದು’ ಎಂದರೆ ಅವರನ್ನು ನೀವು ಹುಡುಕುವಂತಿಲ್ಲ. ಆದ್ದರಿಂದ ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಫಾರಂ ಮೇಲೆಯೇ ಮುದ್ರಿಸಿ, ಹರಿದು ಇಟ್ಟುಕೊಳ್ಳುವ ಚೀಟಿಯಾಗಿ ಕೊಡಬೇಕಿತ್ತು.

ಇನ್ನು ರೋಗಿಗಳ ಕಡೆಯ ಲೆಕ್ಕ. ಒಂದು ವಾರ್ಡಿನಲ್ಲಿ ತಿಂಗಳಿಗೆ 2 ಮಂದಿ ಹಾಸಿಗೆಯಿಂದ ಬಿದ್ದರು, ಇನ್ನೊಂದರಲ್ಲಿ 3, ಆದ್ದರಿಂದ ಎರಡನೆಯದರ ಸಿಬ್ಬಂದಿ ಹೆಚ್ಚು ದಣಿದಿದ್ದಾರೆ ಎಂದಿದ್ದೀರಿ. ಮೊದಲನೆಯದರಲ್ಲಿ ದಿನಕ್ಕೆ ಸರಾಸರಿ 27 ರೋಗಿಗಳು, ಅಂದರೆ 30 ದಿನಕ್ಕೆ 810 ರೋಗಿ-ದಿನ. ಸಾವಿರ ರೋಗಿ-ದಿನಕ್ಕೆ ಬಿದ್ದವರು ಸುಮಾರು 2.5. ಎರಡನೆಯದರಲ್ಲಿ ನೆಲದ ಮೇಲೆ ಮಲಗಿದವರೂ ಸೇರಿ 45, ಅಂದರೆ 1350 ರೋಗಿ-ದಿನ, ಸಾವಿರಕ್ಕೆ 2.2. ನಿಮ್ಮದೇ ಅಂಕಿ ನಿಮ್ಮ ವಾದಕ್ಕೆ ತಿರುಗಿಬಿದ್ದಿದೆ. ಹಾಗೆಂದು ಈ 2.5, 2.2ರ ವ್ಯತ್ಯಾಸಕ್ಕೂ ಅರ್ಥ ಹಚ್ಚಬೇಡಿ, ಎರಡು ಮೂರು ಘಟನೆಗಳ ಮೇಲೆ ಏನನ್ನೂ ಕಟ್ಟಲಾಗದು. ತಪ್ಪುಗಳನ್ನು ಹೆದರದೆ ದಾಖಲಿಸುವ ವಾರ್ಡಿನಲ್ಲಿ ಘಟನೆಗಳು ಹೆಚ್ಚು ಕಾಣುತ್ತವೆ ಎಂಬುದೂ ನೆನಪಿರಲಿ. ಬಿಡುಗಡೆಯ ದಿನ ತುಂಬಿಸುವ ‘ತೃಪ್ತಿ ಪತ್ರ’ವನ್ನಂತೂ ಕೈಬಿಡಿ. ಮನೆಗೆ ಹೊರಟು ನಿಂತವರು ಎಲ್ಲದಕ್ಕೂ ‘ಉತ್ತಮ’ ಎಂದೇ ಗುರುತು ಹಾಕುತ್ತಾರೆ.

ನರ್ಸ್ ಒಬ್ಬರಿಗೆ ಒಬ್ಬ ರೋಗಿ ಹೆಚ್ಚಾದರೆ ‘ಸಾವು ಶೇ. 7 ಹೆಚ್ಚುತ್ತದೆ’ ಎಂಬ ಲಿಂಡಾ ಐಕೆನ್ ಅವರ 2002ರ ಅಧ್ಯಯನವನ್ನು ಉಳಿಸಿಕೊಳ್ಳಬಹುದು, ಸರಿಯಾಗಿ ಹೇಳಿದರೆ. ಅದು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಕುರಿತದ್ದು. ನೂರರಲ್ಲಿ 2 ಮಂದಿ ಸಾಯುತ್ತಿದ್ದರೆ ಅದು ಸುಮಾರು 2.14 ಆಗುತ್ತದೆ, 9 ಅಲ್ಲ. ಅಲ್ಲಿ ಒಬ್ಬ ನರ್ಸ್‌ಗೆ ನಾಲ್ಕರಿಂದ ಎಂಟು ರೋಗಿಗಳಿದ್ದರು. ನಿಮ್ಮ ವಾರ್ಡಿನಲ್ಲಿ ಒಬ್ಬರಿಗಿರುವ 40 ರೋಗಿಗಳಿಗೆ ಅದನ್ನು ಗುಣಿಸಿ ಹಾಕುವಂತಿಲ್ಲ.

ಈಗ ಏಳನೇ ಪುಟ. ರಾತ್ರಿ ಎಂಟಕ್ಕೆ ಡ್ಯೂಟಿ ಹಸ್ತಾಂತರ (ಹ್ಯಾಂಡೋವರ್) ಆಗುವಾಗ ರೋಗಿಗಳ ಬಗ್ಗೆ ಮಾತು ಕಡಿಮೆ. ಬೆಡ್‌ಶೀಟ್, ಕತ್ತರಿ, ಬಿಪಿ ಆಪರೇಟಸ್, ಆಕ್ಸಿಜನ್ ಫ್ಲೋಮೀಟರ್‌ಗಳ ಎಣಿಕೆಯೇ ಹೆಚ್ಚು, ಕಳೆದರೆ ಡ್ಯೂಟಿಯಲ್ಲಿದ್ದವರ ಕೈಯಿಂದಲೇ ವಸೂಲಿ ಎಂದು ಬರೆದಿದ್ದೀರಿ. ಸಾಮಾನು ಬೇಡಿಕೆಯ ಇಂಡೆಂಟ್ ಪುಸ್ತಕ, ದೋಬಿ ಲೆಕ್ಕ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾಗದಪತ್ರ, ಎಲ್ಲವೂ ಒಂದೇ ವಾಕ್ಯದಲ್ಲಿ ಬಂದು ಹೋಗಿವೆ. ಇದು ಒಳಗಿದ್ದವರಿಗೆ ಮಾತ್ರ ಕಾಣುವ ವಿಷಯ. ಇದನ್ನು ಅಳೆಯಿರಿ.

ವಿಧಾನ ಸರಳ. ಹತ್ತು ನಿಮಿಷಕ್ಕೊಮ್ಮೆ ಆ ಕ್ಷಣದಲ್ಲಿ ಶುಶ್ರೂಷಕಿ ಏನು ಮಾಡುತ್ತಿದ್ದಾರೆ ಎಂದು ಒಂದು ಗುರುತು. ವಿಭಾಗ ನಾಲ್ಕೇ ಸಾಕು: ರೋಗಿಯ ಪಕ್ಕದ ಕೆಲಸ; ಔಷಧ ಸಿದ್ಧಪಡಿಸುವುದು, ಕೇಸ್ ಶೀಟ್ ಬರೆಯುವುದು ಇತ್ಯಾದಿ; ಶುಶ್ರೂಷೆಗೆ ಸಂಬಂಧಿಸದ ಕೆಲಸ; ಸ್ವಂತದ ಊಟ, ನೀರು, ಶೌಚ. ಆರು ಗಂಟೆಯ ಹಗಲು ಡ್ಯೂಟಿಗೆ 36 ಗುರುತು, ಹತ್ತು ಡ್ಯೂಟಿಗೆ 360. ಹನ್ನೆರಡು ಗಂಟೆಯ ರಾತ್ರಿ ಡ್ಯೂಟಿ ಐದಾದರೆ ಅಷ್ಟೇ ಗುರುತು ಸಿಗುತ್ತದೆ. ಮೊದಲ ಗುರುತಿನ ನಿಮಿಷವನ್ನು ಚೀಟಿ ಎತ್ತಿ ನಿರ್ಧರಿಸಿ, ಇಲ್ಲವಾದರೆ ಪ್ರತಿ ಸಲವೂ ಇಂಜೆಕ್ಷನ್ ಕೊಡುವ ಹೊತ್ತೇ ಎದುರಾದೀತು. ನೋಡುತ್ತಿದ್ದಾರೆಂದು ತಿಳಿದಾಗ ಜನ ರೋಗಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಮೊದಲ ಎರಡು ಡ್ಯೂಟಿಯ ಗುರುತುಗಳನ್ನು ಈ 360ರ ಲೆಕ್ಕಕ್ಕೆ ಹಿಡಿಯಬೇಡಿ. ನೋಡುವವರು ಬೇರೆ ವಾರ್ಡಿನವರಾಗಿರಲಿ. 360 ಗುರುತಿನಿಂದ ಬರುವ ಉತ್ತರ ಲೆಕ್ಕದ ಪ್ರಕಾರ ಶೇ. 5ರಷ್ಟು ಆಚೀಚೆ ಆಗಬಹುದು, ಒಬ್ಬರದೇ ಗುರುತುಗಳು ಒಂದನ್ನೊಂದು ಹೋಲುವುದರಿಂದ ನಿಜದಲ್ಲಿ ಅಂತರ ಇನ್ನಷ್ಟಿರುತ್ತದೆ, ಅದನ್ನೂ ಬರೆಯಿರಿ.

ಬರವಣಿಗೆಯ ಬಗ್ಗೆ ಹೆಚ್ಚೇನಿಲ್ಲ. ‘ದಾದಿಯೆಂದರೆ ತಾಯಿ’ ಎಂಬ ಮೊದಲ ಎರಡು ಪುಟ ತೆಗೆಯಿರಿ. ಈ ತಾಯಿ ಪಟ್ಟ ಕಟ್ಟಿಯೇ ಅಲ್ಲವೆ ಹೆಚ್ಚುವರಿ ಡ್ಯೂಟಿ ಹೊರಿಸುವುದು? ಫ್ಲಾರೆನ್ಸ್ ನೈಟಿಂಗೇಲ್ ಬೇಕೇ ಬೇಕೆಂದರೆ ದೀಪ ಹಿಡಿದವರನ್ನು ಬಿಟ್ಟು, ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು ಎಂದು 1858ರಲ್ಲಿ ಬಣ್ಣದ ಚಿತ್ರದಲ್ಲಿ ತೋರಿಸಿದವರನ್ನು ತನ್ನಿ.

ಹೊಸ ಲೇಖನ 1,400 ಪದ ಮೀರದಿರಲಿ. ಒಂದು ಕೋಷ್ಟಕ ಸಾಕು, ಪೈ ಚಾರ್ಟ್ ಬೇಡ. ಆಸ್ಪತ್ರೆಯ ಹೆಸರು ಹಾಕಬೇಡಿ. ನೈತಿಕ ಸಮಿತಿಯ ಪತ್ರ ಕೈಗೆ ಬಂದ ಮೇಲೆಯೇ ಮೊದಲ ಗುರುತು ಹಾಕಿ, ಅದರ ಪ್ರತಿಯನ್ನು ಲೇಖನದ ಜೊತೆ ಕಳಿಸಿ.

ಇತಿ,
ಸಂಪಾದಕ ಬಳಗ