ಓದುಗರು ಕೇಳಿದ್ದು: ಕ್ಯಾಂಪಸ್ ಕಟ್ಟಡಗಳಲ್ಲಿ ರೇಡಾನ್

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಮೇಲಿದ್ದವು, ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ನಾನು ಯೂನಿವರ್ಸಿಟಿಯ ದಾಖಲೆ ವಿಭಾಗದಲ್ಲಿದ್ದೇನೆ. ಆರು ವರ್ಷದಿಂದ ಬೇಸ್‌ಮೆಂಟ್ ರೂಮಿನಲ್ಲೇ ಕೆಲಸ. ಹೋದ ವಾರ ಯಾರೋ ಬಂದು ಕಪಾಟಿನ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಟ್ಟರು. ‘ಮೂರು ತಿಂಗಳು ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿ ಹೋದರು. ರೇಡಾನ್ ಟೆಸ್ಟ್ ಅಂತೆ. ಇಲ್ಲಿ ಯಾವ ವಾಸನೆಯೂ ಇಲ್ಲ, ಯಾರಿಗೂ ಕೆಮ್ಮೂ ಇಲ್ಲ. ಹೆದರಬೇಕಾ?

ಉತ್ತರ: ಡಬ್ಬಿ ನೋಡಿ ಹೆದರಬೇಡಿ, ಅದನ್ನು ಇಟ್ಟಿದ್ದು ಒಳ್ಳೆಯದೇ ಆಯಿತು. ರೇಡಾನ್ ಅಂದರೆ ನೆಲದಿಂದ ಬರುವ ಒಂದು ವಿಕಿರಣಶೀಲ ಗ್ಯಾಸ್. ರೇಡಾನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ತಲೆನೋವು, ಕಣ್ಣುರಿ, ಕೆಮ್ಮು ಏನೂ ಬರುವುದಿಲ್ಲ. ಆದ್ದರಿಂದ ‘ನಮಗೇನೂ ಆಗಿಲ್ಲ’ ಅನ್ನೋದರಿಂದ ಏನೂ ಗೊತ್ತಾಗುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗೋದು.

ಮಣ್ಣಿನಲ್ಲಿ, ಕಲ್ಲಿನಲ್ಲಿ ಎಲ್ಲ ಕಡೆ ಸ್ವಲ್ಪ ಯುರೇನಿಯಂ ಇರುತ್ತದೆ. ಅದು ಕಾಲಕ್ರಮದಲ್ಲಿ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದಾಗ ರೇಡಾನ್ ಹುಟ್ಟುತ್ತದೆ. ಇದು ಗ್ಯಾಸ್ ಆದ್ದರಿಂದ ನೆಲದೊಳಗೇ ಕೂರುವುದಿಲ್ಲ, ಸಂದಿ ಸಿಕ್ಕ ಕಡೆ ಮೇಲೆ ಬರುತ್ತದೆ. ಬಯಲಿನಲ್ಲಾದರೆ ಗಾಳಿಗೆ ಚದುರಿ ಹೋಗುತ್ತದೆ, ಮುಚ್ಚಿದ ಕಟ್ಟಡದೊಳಗೆ ಬಂದರೆ ಶೇಖರವಾಗುತ್ತದೆ. ಅರ್ಧ ರೇಡಾನ್ ಒಡೆದುಹೋಗಲು 3.8 ದಿನ ಬೇಕು. ಒಡೆದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್ ಗ್ಯಾಸ್ ಅಲ್ಲ, ಘನ ಕಣಗಳು. ಧೂಳಿಗೆ ಅಂಟಿಕೊಂಡು ಶ್ವಾಸಕೋಶದ ಒಳಗೋಡೆಗೆ ಹೋಗಿ ಕೂರುತ್ತವೆ. ಅಲ್ಲಿಂದ ಆಲ್ಫಾ ಕಣ, ಅಂದರೆ ಪರಮಾಣು ಒಡೆದಾಗ ಜೋರಾಗಿ ಹೊರಬರುವ ಸಣ್ಣ ಚೂರು, ಚಿಮ್ಮುತ್ತದೆ. ಆಲ್ಫಾವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ನಮ್ಮ ಚರ್ಮವೂ ತಡೆಯುತ್ತದೆ. ಆದರೆ ಶ್ವಾಸಕೋಶದೊಳಗೆ ಆ ಚರ್ಮ ಎಲ್ಲಿದೆ? ನೇರವಾಗಿ ಜೀವಕೋಶಕ್ಕೇ ಪೆಟ್ಟು. ಸಿಗರೇಟಿನ ನಂತರ ಶ್ವಾಸಕೋಶದ ಕ್ಯಾನ್ಸರ್‌ಗೆ ದೊಡ್ಡ ಕಾರಣ ಇದೇ ಅಂತ ಹೇಳುವುದು ಅದಕ್ಕೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು 21,000 ಸಾವು ಅಂತ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

ನಿಮ್ಮ ಕಪಾಟಿನ ಮೇಲಿನ ಡಬ್ಬಿ ಬಹುಶಃ ಆಲ್ಫಾ ಟ್ರ್ಯಾಕ್ ಡಿಟೆಕ್ಟರ್. ಒಳಗೆ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರು ಇರುತ್ತದೆ, ಅಷ್ಟೇ. ಆಲ್ಫಾ ಕಣ ಬಡಿದಲ್ಲೆಲ್ಲ ಅದರ ಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಆಮೇಲೆ ಲ್ಯಾಬ್‌ನಲ್ಲಿ ಕ್ಷಾರದ ದ್ರಾವಣದಲ್ಲಿ ಇಟ್ಟರೆ ಆ ಗೀರುಗಳು ಅಗಲವಾಗಿ ಸಣ್ಣ ಸಣ್ಣ ಗುಂಡಿಗಳಾಗುತ್ತವೆ, ಮೈಕ್ರೋಸ್ಕೋಪಿನಲ್ಲಿ ನೋಡಿ ಎಣಿಸುತ್ತಾರೆ. ಕರೆಂಟ್ ಬೇಡ, ಅದರಿಂದ ಏನೂ ಹೊರಗೆ ಬರುವುದಿಲ್ಲ. ನೀವು ಮಾಡಬೇಕಾದ್ದು ಒಂದೇ, ಕಪಾಟು ಒರೆಸುವಾಗ ಅದನ್ನು ಎತ್ತಿ ಡ್ರಾಯರ್‌ಗೆ ಹಾಕಬೇಡಿ, ಕಿಟಕಿ ಪಕ್ಕಕ್ಕೂ ಸರಿಸಬೇಡಿ. ಹಾಗೆ ಮಾಡಿದರೆ ಮೂರು ತಿಂಗಳ ಕೆಲಸ ಸುಮ್ನೆ ಹಾಳು.

ಪ್ರಶ್ನೆ: ನಾನು ಹಾಸ್ಟೆಲ್‌ನ ಮೂರನೇ ಮಹಡಿಯಲ್ಲಿದ್ದೇನೆ. ನನಗೂ ಇದೆಯಾ ಸರ್ ಇದು?

ಉತ್ತರ: ಮೇಲೆ ಹೋದ ಹಾಗೆ ಸಾಮಾನ್ಯವಾಗಿ ಕಮ್ಮಿ ಆಗುತ್ತದೆ. ನೆಲಕ್ಕೆ ತಾಗಿದ ರೂಮುಗಳನ್ನು ಮೊದಲು ಪರೀಕ್ಷೆ ಮಾಡುವುದು ಅದಕ್ಕೇ. ಆದರೆ ಲಿಫ್ಟಿನ ಬಾವಿ, ಪೈಪು ಹೋಗುವ ಗೂಡು ಇವುಗಳ ದಾರಿಯಲ್ಲಿ ಕೆಳಗಿನ ಗಾಳಿ ಮೇಲೂ ಬರುತ್ತದೆ. ನಿಮ್ಮ ಕಟ್ಟಡದ ಕೆಳಮಹಡಿಯಲ್ಲಿ ಜಾಸ್ತಿ ಬಂದಿದೆ ಅಂತಾದರೆ ಮಾತ್ರ ಮೇಲಿನದನ್ನೂ ಅಳೆಯಿರಿ ಅಂತ ಕೇಳಿ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಲ್ಯಾಬ್ ನೆಲಮಹಡಿಯಲ್ಲಿದೆ. ನಾಲ್ಕು ದಿನದ ಟೆಸ್ಟಿನಲ್ಲಿ ನಮ್ಮ ರೂಮಿಗೆ 240 ಬಂತು, ಪಕ್ಕದ ಎರಡು ರೂಮಿಗೆ 60 ಮತ್ತು 45. ಟೆಸ್ಟ್ ಮಾಡಿದ್ದು ರಜೆಯಲ್ಲಿ, ಏಸಿ ಆಫ್ ಆಗಿತ್ತು. ‘ಸರಾಸರಿ 115, ಪರವಾಗಿಲ್ಲ, ರಜೆಯ ಲೆಕ್ಕ ಹೇಗೂ ಹಿಡಿಯೋ ಹಾಗಿಲ್ಲ’ ಅಂತ ಹೇಳಿ ಫೈಲ್ ಮುಚ್ಚಿದ್ದಾರೆ. ಇದು ಸರಿನಾ?

ಉತ್ತರ: ಸರಿ ಅಲ್ಲ. ಈ ಪತ್ರ ಓದಿ ನನಗೆ ಸಿಟ್ಟೇ ಬಂತು. ನೀವು ಉಸಿರಾಡುವುದು ನಿಮ್ಮ ರೂಮಿನ ಗಾಳಿ ತಾನೇ? ಮೂರು ರೂಮಿನ ಸರಾಸರಿ ಗಾಳಿ ಅಂತ ಒಂದು ಎಲ್ಲೂ ಇಲ್ಲ. ಒಂದೇ ರೂಮಿನಲ್ಲಿ ಎರಡು ಸಲ ಅಳೆದು ಅದರ ಸರಾಸರಿ ತೆಗೆದರೆ ಅದಕ್ಕೆ ಅರ್ಥ ಇದೆ. ಬೇರೆ ಬೇರೆ ರೂಮುಗಳನ್ನು ಕೂಡಿಸಿ ಭಾಗಿಸಿದರೆ ತೊಂದರೆ ಇರುವ ರೂಮು ಕಾಗದದ ಮೇಲೆ ಮಾಯವಾಗುತ್ತದೆ, ನೀವು ಮಾತ್ರ ಅದರೊಳಗೇ ಕೂತಿರುತ್ತೀರಿ.

240 ಅಂದರೆ ಏನು? ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಷ್ಟು ಗಾಳಿಯಲ್ಲಿ ಸೆಕೆಂಡಿಗೆ 240 ರೇಡಾನ್ ಪರಮಾಣು ಒಡೆಯುತ್ತಿವೆ ಅಂತ. ಅದನ್ನೇ 240 ಬೆಕರೆಲ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಮಿತಿ 100, ಅದು ಸಾಧ್ಯವೇ ಇಲ್ಲದ ದೇಶಗಳಲ್ಲೂ 300 ದಾಟಬಾರದು. ಅಮೆರಿಕದಲ್ಲಿ 148 ಬಂದರೆ ಸರಿಪಡಿಸಿ ಅನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು ಲೀಟರಿಗೆ 4 ಪಿಕೋಕ್ಯೂರಿ. ಯುರೋಪಿನ ಮನೆಗಳ 13 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದಾಗ, ದೀರ್ಘಕಾಲದ ಪ್ರಮಾಣ ಪ್ರತಿ 100 ಬೆಕರೆಲ್ ಏರಿದಾಗ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಶೇ 16ರಷ್ಟು ಏರಿದ್ದು ಕಂಡಿತು. ಹಾಗಂತ 240 ನೋಡಿ ನಾಳೆಯೇ ಲ್ಯಾಬ್ ಬಿಟ್ಟು ಓಡಬೇಕಾಗಿಲ್ಲ. ಇದು ವರ್ಷಗಟ್ಟಲೆ ಉಸಿರಾಡಿದ್ದರ ಲೆಕ್ಕ. ಆದರೆ ಫೈಲ್ ಮುಚ್ಚುವ ಸಂಖ್ಯೆಯೂ ಅಲ್ಲ.

ರಜೆಯ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ದೊಡ್ಡ ಕಟ್ಟಡದಲ್ಲಿ ಏಸಿ ನಿಂತಾಗ ಹೊರಗಿನ ಗಾಳಿ ಬರುವುದಿಲ್ಲ, ರೇಡಾನ್ ಏರುತ್ತದೆ, ಬೆಳಿಗ್ಗೆ ಚಾಲೂ ಆದಾಗ ಇಳಿಯುತ್ತದೆ. ಅದಕ್ಕೇ ಕಾಲೇಜು, ಆಫೀಸುಗಳಲ್ಲಿ ಜನ ಕೆಲಸ ಮಾಡುವ ವಾರದಲ್ಲಿ, ಏಸಿ ಎಂದಿನಂತೆ ನಡೆಯುವಾಗ, ಕಿಟಕಿ ಬಾಗಿಲು ಮುಚ್ಚಿಟ್ಟು ಅಳೆಯಬೇಕು. ಆದರೆ ಟೆಸ್ಟ್ ಸರಿಯಾಗಿ ಆಗಿಲ್ಲ ಅಂದರೆ ಮತ್ತೆ ಮಾಡಬೇಕು, ಬಿಟ್ಟುಬಿಡುವುದಲ್ಲ, ಅಲ್ವಾ? ಇನ್ನೊಂದು ವಿಷಯ, ಆ ಮೂರೂ ರೂಮು ಅದೇ ರಜೆಯಲ್ಲಿ, ಅದೇ ಆಫ್ ಆದ ಏಸಿಯಲ್ಲಿ ಇದ್ದವು. ಆದರೂ ನಿಮ್ಮದು ಅವುಗಳ ನಾಲ್ಕೈದು ಪಟ್ಟು ಬಂದಿದೆ. ಅಂದರೆ ನಿಮ್ಮ ರೂಮಿನಲ್ಲೇ ಏನೋ ದಾರಿ ಇದೆ.

ಆ ದಾರಿ ಹುಡುಕಲು ನೀವೇ ಸ್ವಲ್ಪ ನೋಡಬಹುದು. ಸಿಂಕಿನ ಕೆಳಗೆ ಬಗ್ಗಿ ನೋಡಿ, ಪೈಪು ನೆಲದೊಳಗೆ ಇಳಿಯುವ ಜಾಗದಲ್ಲಿ ಸುತ್ತ ಬೆರಳು ಹೋಗುವಷ್ಟು ಸಂದಿ ಇದೆಯಾ? ನೆಲ ಮತ್ತು ಗೋಡೆ ಸೇರುವಲ್ಲಿ ಬಿರುಕು ಇದೆಯಾ? ಕೆಳಗೆ ಪೈಪು, ಕೇಬಲ್ಲುಗಳ ಸುರಂಗ ಇದ್ದು ಅದರ ಮುಚ್ಚಳ ನಿಮ್ಮ ರೂಮಿನಲ್ಲಿದೆಯಾ? ಲ್ಯಾಬ್ ಅಂದಮೇಲೆ ಫ್ಯೂಮ್ ಹುಡ್, ಅಂದರೆ ರಾಸಾಯನಿಕಗಳ ಹೊಗೆಯನ್ನು ಹೊರಗೆ ಕಳಿಸುವ ಗೂಡು, ಇರಬೇಕು. ಅದು ರೂಮಿನ ಗಾಳಿಯನ್ನು ಜೋರಾಗಿ ಹೊರಗೆ ಎಳೆಯುತ್ತದೆ. ಅಷ್ಟೇ ಗಾಳಿ ಮೇಲಿನ ಡಕ್ಟಿನಿಂದ ಒಳಗೆ ಬರದಿದ್ದರೆ, ಕಮ್ಮಿ ಬಿದ್ದದ್ದನ್ನು ರೂಮು ನೆಲದ ಸಂದಿಗಳಿಂದಲೂ ಹೀರಿಕೊಳ್ಳುತ್ತದೆ, ಜೊತೆಗೆ ರೇಡಾನ್ ಕೂಡ ಬರುತ್ತದೆ. ಹುಡ್ ಆಫ್ ಮಾಡಿ ಕೆಲಸ ಮಾಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ, ಅದು ಬೇರೆ ಅಪಾಯ. ಒಳಬರುವ ಗಾಳಿ ಸರಿಮಾಡಿಸಬೇಕು.

ಬರೆದು ಕೊಡಿ, ಬಾಯಿಮಾತಿನಲ್ಲಿ ಬೇಡ. ಗಂಟೆ ಗಂಟೆಗೆ ದಾಖಲು ಮಾಡುವ ಮಾನಿಟರ್ ಇಟ್ಟು ಕೆಲಸದ ವಾರದಲ್ಲಿ ಮರುಪರೀಕ್ಷೆ ಮಾಡಿ ಅಂತ ಕೇಳಿ. ಇದ್ದಿಲಿನ ಡಬ್ಬಿ (ಒಳಗಿನ ಇದ್ದಿಲು ಗಾಳಿಯ ರೇಡಾನನ್ನು ಹೀರಿ ಹಿಡಿಯುತ್ತದೆ) ಇಟ್ಟರೆ ಹಗಲು ರಾತ್ರಿ ಸೇರಿಸಿ ಒಂದೇ ಅಂಕಿ ಕೊಡುತ್ತದೆ, ಮಾನಿಟರ್ ಆದರೆ ನೀವು ರೂಮಿನಲ್ಲಿರುವ ಹೊತ್ತಿನಲ್ಲಿ ಎಷ್ಟಿತ್ತು ಅಂತ ತೋರಿಸುತ್ತದೆ. ಇದ್ದಿಲಿನ ಡಬ್ಬಿಯೇ ಇಟ್ಟರೆ ತೆಗೆದ ದಿನವೇ ಲ್ಯಾಬ್‌ಗೆ ಕಳಿಸಬೇಕು. ಅದು ಹಿಡಿದ ರೇಡಾನ್ 3.8 ದಿನಕ್ಕೆ ಅರ್ಧ ಆಗುತ್ತದೆ, ಮೇಜಿನ ಮೇಲೆ ವಾರ ಬಿದ್ದಿದ್ದರೆ ಅದರಲ್ಲಿ ನಂಬುವಂಥದ್ದು ಏನೂ ಉಳಿಯುವುದಿಲ್ಲ. ಕೊನೆಗೆ ನಿಮ್ಮ ರೂಮಿನ ಅಂಕಿಯನ್ನು ಬೇರೆಯಾಗಿಯೇ ಕೊಡಿ ಅಂತ ಕೇಳಿ, ಸರಾಸರಿ ಬೇಡ.

ಪ್ರಶ್ನೆ: ಕಿಟಕಿ ತೆಗೆದಿಟ್ಟರೆ ಸಾಲದಾ? ಏರ್ ಪ್ಯೂರಿಫೈಯರ್ ಇಡಬಹುದಾ?

ಉತ್ತರ: ಕಿಟಕಿ ತೆಗೆದಾಗ ಇಳಿಯುತ್ತದೆ, ಮುಚ್ಚಿದ ಕೆಲವೇ ಗಂಟೆಗಳಲ್ಲಿ ಮತ್ತೆ ಏರುತ್ತದೆ. ಹೊರಗೆ ಚಳಿ ಇದ್ದಾಗ ಮೇಲಿನ ಮಹಡಿಯ ಕಿಟಕಿ ಮಾತ್ರ ತೆಗೆದರೆ ಉಲ್ಟಾ ಆಗಲೂಬಹುದು. ಒಳಗಿನ ಬೆಚ್ಚನೆ ಗಾಳಿ ಮೇಲೆ ಹೋಗುತ್ತಾ ಕೆಳಗಿಂದ ಇನ್ನಷ್ಟು ಎಳೆಯುತ್ತದೆ. ಪ್ಯೂರಿಫೈಯರ್ ಫಿಲ್ಟರ್ ಧೂಳು ಹಿಡಿಯುತ್ತದೆ, ರೇಡಾನ್ ಗ್ಯಾಸನ್ನು ಹಿಡಿಯುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಪೈಪು ಹಾಕಿ ಫ್ಯಾನ್ ಕೂರಿಸಿದ್ದಾರೆ. ಇನ್ನು ಮರೆತುಬಿಡಬಹುದಾ? ನಾನು ದಿನಕ್ಕೆ ಹತ್ತು ಸಿಗರೇಟು ಸೇದುತ್ತೇನೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಮೊದಲು ಸಿಗರೇಟಿನ ಮಾತು. ಅದೇ ಯುರೋಪಿನ ಲೆಕ್ಕದಲ್ಲಿ, ಸೇದದವರಿಗೆ 75 ವಯಸ್ಸಿನೊಳಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ರೇಡಾನ್ ಇಲ್ಲದಿದ್ದಾಗ ಶೇ 0.4, 400 ಬೆಕರೆಲ್ ಇದ್ದಾಗ ಶೇ 0.7. ಸೇದುವವರಿಗೆ ಅದೇ ಶೇ 10 ಇದ್ದದ್ದು ಶೇ 16 ಆಗುತ್ತದೆ. ಎರಡೂ ಸೇರಿದಾಗ ಎಷ್ಟು ಭಾರ ಆಗುತ್ತದೆ ನೋಡಿ. ದಯವಿಟ್ಟು ಬಿಡಿ, ಬಿಡಲು ಡಾಕ್ಟರ ಸಹಾಯ ತಗೊಳ್ಳಿ.

ಪೈಪಿನದು ಒಳ್ಳೆಯ ಪರಿಹಾರ. ನೆಲದ ಕಾಂಕ್ರೀಟಿನ ಕೆಳಗಿನ ಗಾಳಿಯನ್ನೇ ಎಳೆದು ಛಾವಣಿಯ ಮೇಲೆ ಬಿಡುತ್ತದೆ, ರೂಮಿಗೆ ಬರುವ ಮೊದಲೇ. ಆದರೆ ಹಾಕಿದ ಮೇಲೆ ಒಂದು ತಿಂಗಳೊಳಗೆ ಮತ್ತೆ ಅಳೆಯಲೇಬೇಕು, ಆಮೇಲೆ ಗೋಡೆ ಒಡೆದು ಕಟ್ಟಿದಾಗ, ಏಸಿ ಬದಲಿಸಿದಾಗ ಇನ್ನೊಮ್ಮೆ. ನೀವೇ ಮಾಡಬಹುದಾದ್ದೂ ಒಂದಿದೆ. ಅಂಥ ಪೈಪಿನ ಮೇಲೆ ಸಾಮಾನ್ಯವಾಗಿ ಇಂಗ್ಲಿಷಿನ ಯು ಆಕಾರದ ಸಣ್ಣ ಕೊಳವೆ ಅಂಟಿಸಿರುತ್ತಾರೆ, ಒಳಗೆ ಬಣ್ಣದ ದ್ರವ ಇರುತ್ತದೆ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇದ್ದರೆ ಫ್ಯಾನ್ ಎಳೆಯುತ್ತಿದೆ. ಎರಡೂ ಕಡೆ ಒಂದೇ ಮಟ್ಟಕ್ಕೆ ಬಂದಿದ್ದರೆ ನಿಂತಿದೆ ಅಂತ. ಹಾಗೆ ಕಂಡ ದಿನವೇ ಕಟ್ಟಡ ನೋಡಿಕೊಳ್ಳುವವರಿಗೆ ಫೋನ್ ಮಾಡಿ.